ಕಾರಿನ ಮುಂಗಾಲುಗಳು: ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರುಗಳ ಚರಿತ್ರೆ

(ಮಿಷಿಗನ್ನಿನ ಕನ್ನಡ ಬಂಧುಗಳ ವಸಂತ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಕೂಟದ ವೇದಿಕೆಯಿಂದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದಾಗ ಹಂಪೆಯನ್ನೋ ಬೇಲೂರನ್ನೋ ನೆನೆಯುವುದು ವಾಡಿಕೆ. ಆ ದಾರಿಯಲ್ಲಿ ನಮಗಿಂತ ಮೊದಲು ನಡೆದ ವಿದ್ವಾಂಸರು ಅನೇಕರಿದ್ದಾರೆ. ಈ ಸಂಜೆ ನಾವು ತಮ್ಮ ಮುಂದಿಡಲು ಬಯಸಿರುವುದು ಬೇರೊಂದು ಚರಿತ್ರೆಯನ್ನು. ಅದರ ಸ್ಮಾರಕಗಳನ್ನು ನೋಡಲು ದೂರ ಹೋಗಬೇಕಾಗಿಲ್ಲ. ಈ ಸಭಾಂಗಣದ ಹೊರಗೆ ನಿಂತಿರುವ ತಮ್ಮ ಕಾರುಗಳ ಮುಂಚಕ್ರಗಳ ಹಿಂದೆ, ಮಣ್ಣು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಅವು ನಿಂತಿವೆ. ಈ ಸೀಮೆಗೆ ಬಂದು ನೆಲೆಸಿದ ಕನ್ನಡಿಗರಲ್ಲಿ ಹಲವರು ಕಾರಿನ ಉದ್ಯಮದ ಅನ್ನವನ್ನು ಉಂಡವರು. ಆದುದರಿಂದ ಈ ವಿಷಯ ಇಲ್ಲಿ ತೀರ ಪರಕೀಯವಾಗದೆಂಬ ಧೈರ್ಯ ನಮಗಿದೆ.

ವಿಷಯವು ನಮ್ಮ ಮನಸ್ಸಿಗೆ ಬಂದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ. ಕಳೆದ ಬೇಸಿಗೆಯಲ್ಲಿ ನಮ್ಮ ತಾಯಿಯವರು ಹಾಸನದ ಕಡೆಯಿಂದ ಇಲ್ಲಿಗೆ ಬಂದಿದ್ದರು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಅರ್ಧ ದಾರಿಯಲ್ಲಿ ಅವರು, “ಯಾಕಪ್ಪ, ನಿನ್ನ ಕಾರು ತೊಟ್ಟಿಲಿನ ಹಾಗೆ ತೂಗ್ತಾ ಇದೆ?” ಎಂದರು. ಹಿಂದೆ ಕುಳಿತಿದ್ದ ಮಕ್ಕಳು ನಕ್ಕರು. ನಾವೂ ನಕ್ಕೆವು. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಒಂಬತ್ತು ವರ್ಷ ದಿನವೂ ಓಡಿಸಿದ ಕಾರು ಅದು. ನಮಗೆ ಅದರ ತೂಗಾಟ ಗೊತ್ತೇ ಆಗಿರಲಿಲ್ಲ. ವಾರದ ಕೊನೆಗೆ ಗ್ಯಾರೇಜಿಗೆ ಒಯ್ದಾಗ ಐವತ್ತು ದಾಟಿದ ಒಬ್ಬ ಮೆಕ್ಯಾನಿಕ್ ಕಾರಿನ ಮೂಗನ್ನು ಎರಡು ಕೈಗಳಿಂದ ಅದುಮಿ ಬಿಟ್ಟ. ಅದು ಒಮ್ಮೆ ಮೇಲೆದ್ದು ನಿಲ್ಲಬೇಕಾಗಿತ್ತು. ಮೂರು ನಾಲ್ಕು ಬಾರಿ ಏರಿಳಿಯಿತು. ಮುಂಭಾಗದ ಎರಡು ಶಾಕ್ ಅಬ್ಸಾರ್ಬರುಗಳೂ ಎರಡು ಸ್ಪ್ರಿಂಗುಗಳೂ ಬದಲಾಗಬೇಕೆಂದು ತೀರ್ಮಾನವಾಯಿತು. ಬಿಚ್ಚಿದ ಹಳೆಯದನ್ನೂ ಹೊಸದನ್ನೂ ಆತ ಮೇಜಿನ ಮೇಲೆ ಜೊತೆಯಾಗಿ ನಿಲ್ಲಿಸಿದಾಗ ನಮಗೆ ದಿಗಿಲಾಯಿತು. ಹಳೆಯ ಸ್ಪ್ರಿಂಗ್ ಹೊಸದಕ್ಕಿಂತ ಒಂದು ಬೆರಳಷ್ಟು ಕುಗ್ಗಿತ್ತು. ಅದರ ಕೆಳತುದಿಯ ಸುರುಳಿ ತುಕ್ಕು ತಿಂದು ಮುರಿದಿತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗಂಟೆಗೆ 70 ಮೈಲಿ ವೇಗದಲ್ಲಿ ನಾವು ಓಡಿಸುತ್ತಿದ್ದುದು ಇಂಥ ಕಾರನ್ನು. ಈ ಎರಡು ಭಾಗಗಳು ಮಾಡುವ ಕೆಲಸವೇನು, ಇವನ್ನು ಯಾರು ಯಾವಾಗ ಕಂಡುಹಿಡಿದರು ಎಂಬ ಪ್ರಶ್ನೆ ಅಂದು ಹುಟ್ಟಿತು. ಅದಕ್ಕೆ ದೊರೆತ ಉತ್ತರವೇ ಈ ಉಪನ್ಯಾಸ.

ಎರಡು ಕೆಲಸಗಳು

ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮ್ಮ ನಾಡಿನ ಗ್ಯಾರೇಜುಗಳಲ್ಲಿ ‘ಶಾಕಬ್ಸರ್’ ಎಂದು ಸವೆದಿರುವ ಆ ಮಾತಿನ ಅರ್ಥ ಪೆಟ್ಟನ್ನು ನುಂಗುವುದು ಎಂದು. ಆದರೆ ರಸ್ತೆಯ ಪೆಟ್ಟನ್ನು ನುಂಗುವುದು ಸ್ಪ್ರಿಂಗ್. ಚಕ್ರವು ಗುಂಡಿಗೆ ಇಳಿದಾಗ, ಉಬ್ಬನ್ನು ಏರಿದಾಗ ಬಾಗಿ ಕುಗ್ಗಿ ಆ ಶಕ್ತಿಯನ್ನು ತನ್ನೊಳಗೆ ಇಟ್ಟುಕೊಳ್ಳುವುದು ಅದೇ. ಅದರ ದೋಷವೆಂದರೆ ಪಡೆದುದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಕುಗ್ಗಿದ್ದು ಚಿಮ್ಮುತ್ತದೆ, ಚಿಮ್ಮಿದ್ದು ಮತ್ತೆ ಕುಗ್ಗುತ್ತದೆ. ತಡೆಯುವವರಿಲ್ಲದಿದ್ದರೆ ಈ ಏರಿಳಿತ ಬಹುಕಾಲ ನಡೆಯುತ್ತದೆ. ಅದನ್ನು ತಡೆದು, ಚಲನೆಯ ಶಕ್ತಿಯನ್ನು ಕಾವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು ಶಾಕ್ ಅಬ್ಸಾರ್ಬರಿನ ಕೆಲಸ. ಇಂಗ್ಲೆಂಡಿನ ಎಂಜಿನಿಯರುಗಳು ಇದನ್ನು ‘ಡ್ಯಾಂಪರ್’ ಎಂದು ಕರೆದದ್ದು ಹೆಚ್ಚು ಸಮಂಜಸ. ತಣಿಸುವುದು ಎಂದು ನಾವು ಹೇಳಬಹುದು.

ಮನುಷ್ಯನು ಮೊದಲನೆಯ ಕೆಲಸವನ್ನು ಬಹಳ ಹಿಂದೆಯೇ ಕಲಿತನು. ಎರಡನೆಯದನ್ನು ಸರಿಯಾಗಿ ಕಲಿತದ್ದು ಇಪ್ಪತ್ತನೆಯ ಶತಮಾನದಲ್ಲಿ. ಈ ಎರಡು ಪಾಠಗಳ ನಡುವಣ ಅಂತರದಲ್ಲಿಯೇ ನಮ್ಮ ಕಥೆಯಿದೆ.

ಗಾಡಿಯ ಕಾಲ

ನಮ್ಮ ಹಳ್ಳಿಗಳ ಎತ್ತಿನ ಗಾಡಿಗೆ ಸ್ಪ್ರಿಂಗ್ ಎಂಬುದಿರಲಿಲ್ಲ. ಮರದ ಚಕ್ರ, ಕಬ್ಬಿಣದ ಪಟ್ಟಿ, ಅಚ್ಚಿನ ಮೇಲೆ ನೇರವಾಗಿ ಕುಳಿತ ಗಾಡಿಯ ಮೈ. ಹಾಸಿದ ಹುಲ್ಲೇ ಪ್ರಯಾಣಿಕನಿಗಿದ್ದ ರಕ್ಷಣೆ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ಶ್ರಮಿಸಿದ್ದನ್ನು ತಮ್ಮಲ್ಲಿ ಹಿರಿಯರು ಬಲ್ಲಿರಿ. ಎತ್ತಿನ ನಡಿಗೆಯ ವೇಗದಲ್ಲಿ ಹುಲ್ಲಿನ ಹಾಸು ಸಾಕು. ವೇಗ ಹೆಚ್ಚಿದಾಗಲೇ ಸ್ಪ್ರಿಂಗಿನ ಅಗತ್ಯ ಹುಟ್ಟುವುದು.

ಯೂರೋಪಿನಲ್ಲಿ ಕುದುರೆಗಾಡಿಯ ಮೈಯನ್ನು ಚರ್ಮದ ಪಟ್ಟಿಗಳಿಂದ ತೂಗುಹಾಕುವ ಪದ್ಧತಿ ಮೊದಲು ಬಂದಿತು. ಈ ಅಮೆರಿಕ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂ ಹ್ಯಾಂಪ್‌ಶೈರಿನ ಕಾಂಕರ್ಡ್ ಪಟ್ಟಣದಲ್ಲಿ ತಯಾರಾದ ಪ್ರಸಿದ್ಧ ಪ್ರಯಾಣದ ಗಾಡಿಗಳೂ ದಪ್ಪ ಚರ್ಮದ ಪಟ್ಟಿಗಳ ಮೇಲೆಯೇ ತೂಗಾಡುತ್ತಿದ್ದವು. ಉಕ್ಕಿನ ಸ್ಪ್ರಿಂಗನ್ನು ಗಾಡಿಗೆ ಕಟ್ಟುವ ಪ್ರಯೋಗಗಳು ಇಂಗ್ಲೆಂಡಿನಲ್ಲಿ 1665ರ ಸುಮಾರಿಗೆ ನಡೆದವು. ರಾಯಲ್ ಸೊಸೈಟಿಯ ಪಂಡಿತರು ಅವುಗಳಲ್ಲಿ ಆಸಕ್ತಿ ವಹಿಸಿದ್ದರು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೆಪಿಸ್ ಅವುಗಳನ್ನು ಕುರಿತು ಬರೆದಿಟ್ಟಿದ್ದಾನೆ. ಅದೇ ಸೊಸೈಟಿಯ ರಾಬರ್ಟ್ ಹುಕ್ ಸ್ಪ್ರಿಂಗಿನ ನಿಯಮವನ್ನು ಕಂಡುಕೊಂಡನು. ಬೇರೆಯವರು ಕದ್ದಾರೆಂಬ ಶಂಕೆಯಿಂದ 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿದ ಒಗಟಾಗಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದನು. ಸ್ಪ್ರಿಂಗಿನ ಮೇಲೆ ಭಾರ ಎಷ್ಟು ಹೆಚ್ಚುತ್ತದೆಯೋ ಅದೇ ಪ್ರಮಾಣದಲ್ಲಿ ಅದರ ಕುಗ್ಗುವಿಕೆಯೂ ಹೆಚ್ಚುತ್ತದೆ ಎಂಬುದು ಆ ನಿಯಮದ ತಿರುಳು. ಇಂದಿಗೂ ಕಾರಿನ ಸ್ಪ್ರಿಂಗನ್ನು ಲೆಕ್ಕ ಹಾಕುವುದು ಅದರಿಂದಲೇ.

1804ರಲ್ಲಿ ಇಂಗ್ಲೆಂಡಿನ ಒಬಡಾಯ ಎಲಿಯಟ್ ಎಂಬ ಗಾಡಿ ಕಟ್ಟುವ ಕುಶಲಿಯು ದೀರ್ಘವೃತ್ತದ ಆಕಾರದಲ್ಲಿ ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ ಪೇಟೆಂಟ್ ಪಡೆದನು. ಗಾಡಿಯ ಅಡಿಯಲ್ಲಿ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಕೂಡಿಸುತ್ತಿದ್ದ ಭಾರವಾದ ತೊಲೆ ಅದರಿಂದ ಅನಾವಶ್ಯಕವಾಯಿತು. ಗಾಡಿ ಹಗುರವಾಯಿತು, ಕೂತವರಿಗೆ ಸುಖವಾಯಿತು. ನಮ್ಮೂರ ಜಟಕಾ ಗಾಡಿಗಳ ಅಡಿಯಲ್ಲಿ ಕಾಣುತ್ತಿದ್ದ ಕಮಾನು ಪಟ್ಟಿಗಳೂ ಲಾರಿಗಳ ಅಡಿಯಲ್ಲಿ ಇಂದಿಗೂ ಕಾಣುವ ಪಟ್ಟಿಗಳೂ ಈ ವಂಶಕ್ಕೆ ಸೇರಿದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಂದರ ಮೇಲೊಂದು ಕೂತ ಪಟ್ಟಿಗಳು ಬಾಗುವಾಗ ಒಂದನ್ನೊಂದು ಉಜ್ಜುತ್ತವೆ. ಆ ಉಜ್ಜುವಿಕೆಯೇ ಏರಿಳಿತವನ್ನು ತಡೆಯುತ್ತಿತ್ತು. ಎಂದರೆ ಕಮಾನು ಪಟ್ಟಿಯೊಳಗೆ, ಯಾರೂ ಉದ್ದೇಶಿಸದಿದ್ದರೂ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಅಡಗಿದ್ದವು. ಹೀಗಾಗಿ ಎರಡನೆಯ ಕೆಲಸ ಬೇರೆಯೇ ಒಂದು ಕೆಲಸವೆಂಬುದು ಕುದುರೆಗಾಡಿಯ ಕಾಲದಲ್ಲಿ ಎದ್ದು ಕಾಣಲಿಲ್ಲ.

ತಣಿಸುವ ವಿದ್ಯೆ

ಮೋಟಾರು ಬಂದ ಮೇಲೆ ಇದು ಬಯಲಾಯಿತು. ವೇಗ ಕುದುರೆಯದಕ್ಕಿಂತ ಹಲವು ಪಟ್ಟು ಹೆಚ್ಚಿತು. ರಸ್ತೆಗಳು ಮಾತ್ರ ಕುದುರೆಗಾಡಿಯವೇ. ಪಟ್ಟಿಗಳ ಉಜ್ಜುವಿಕೆಯು ತುಕ್ಕು ಹಿಡಿದರೆ ಹೆಚ್ಚುತ್ತಿತ್ತು, ಗ್ರೀಸ್ ಹಚ್ಚಿದರೆ ಇಲ್ಲವಾಗುತ್ತಿತ್ತು. ಅದನ್ನು ನಂಬಿ ಓಡಿಸುವಂತಿರಲಿಲ್ಲ. ಫ್ರಾನ್ಸಿನಲ್ಲಿ ಟ್ರುಫೋ ಎಂಬಾತ ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಉಜ್ಜುವಿಕೆಯನ್ನೇ ಪ್ರತ್ಯೇಕ ಸಾಧನವನ್ನಾಗಿ ಮಾಡಿದನು. ಕತ್ತರಿಯಂತೆ ಕೂಡಿದ ಎರಡು ತೋಳುಗಳು, ಅವು ಸೇರುವಲ್ಲಿ ಬೋಲ್ಟಿನಿಂದ ಬಿಗಿದ ಬಿಲ್ಲೆಗಳು. ಒಂದು ತೋಳು ಕಾರಿನ ಚೌಕಟ್ಟಿಗೆ, ಇನ್ನೊಂದು ಅಚ್ಚಿಗೆ. ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಇದನ್ನು ಕಂಡು ಮೆಚ್ಚಿ, 1904ರ ಹೊತ್ತಿಗೆ ಈ ದೇಶದಲ್ಲಿ ತಯಾರಿಸತೊಡಗಿದನು.

ಆದರೆ ಒಣ ಉಜ್ಜುವಿಕೆಗೆ ಒಂದು ಹಟವಿದೆ. ಸಣ್ಣ ಅಲುಗಾಟಕ್ಕೆ ಅದು ಕದಲುವುದೇ ಇಲ್ಲ. ಸಣ್ಣ ಕಲ್ಲಿನ ಪೆಟ್ಟು ನೇರವಾಗಿ ಬೆನ್ನಿಗೆ ತಗಲುತ್ತದೆ. ದೊಡ್ಡ ಗುಂಡಿ ಬಂದಾಗ ಒಮ್ಮೆ ಕದಲಿದರೆ, ಚಲನೆ ಎಷ್ಟೇ ವೇಗದ್ದಾದರೂ ತಡೆ ಹೆಚ್ಚುವುದಿಲ್ಲ. ಬೇಕಾದದ್ದು ಇದಕ್ಕೆ ವಿರುದ್ಧವಾದ ಗುಣ: ಮೆಲ್ಲಗೆ ತಳ್ಳಿದರೆ ಮೆಲ್ಲಗೆ ಬಿಡಬೇಕು, ಜೋರಾಗಿ ತಳ್ಳಿದರೆ ಜೋರಾಗಿ ತಡೆಯಬೇಕು. ಆ ಗುಣವಿರುವುದು ದ್ರವಕ್ಕೆ. ಕೆರೆಯ ನೀರಿನಲ್ಲಿ ಕೈಯನ್ನು ನಿಧಾನವಾಗಿ ಆಡಿಸಿ, ಅನಂತರ ರಭಸದಿಂದ ಬೀಸಿ ನೋಡಿದವರಿಗೆ ಇದು ತಿಳಿದೇ ಇದೆ. ಫ್ರಾನ್ಸಿನ ಮಾರಿಸ್ ಉದಾಯ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಣ್ಣೆ ತುಂಬಿದ ಡಬ್ಬಿಯೊಳಗೆ ರೆಕ್ಕೆಯಂಥ ಫಲಕ ತಿರುಗುವ ಸಾಧನವನ್ನು ರೂಪಿಸಿದನು. ಎಣ್ಣೆಯು ಕಿರಿದಾದ ರಂಧ್ರದ ಮೂಲಕ ನುಸುಳಿ ಹೋಗಬೇಕು, ಅದೇ ತಡೆ.

ಶ್ರೀಮಂತರ ಕಾರಿನಿಂದ ಸಾಮಾನ್ಯ ಸಂಸಾರದ ಕಾರಿಗೆ ಈ ವಿದ್ಯೆ ಇಳಿದದ್ದು ನಮ್ಮ ಈ ಡೆಟ್ರಾಯಿಟ್ ಸೀಮೆಯಲ್ಲಿ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಶಾಕ್ ಅಬ್ಸಾರ್ಬರ್ ಇರಲೇ ಇಲ್ಲ. ಬೇಕಾದವರು ಅಂಗಡಿಯಲ್ಲಿ ಕೊಂಡು ಹಾಕಿಸಿಕೊಳ್ಳಬೇಕಾಗಿತ್ತು. ಕ್ಲೀವ್‌ಲ್ಯಾಂಡಿನ ಕ್ಲಾಡ್ ಫಾಸ್ಟರ್ ಎಂಬಾತ ಮೊದಲು ಕಾರಿನ ಹೊಗೆಯಿಂದ ಊದುವ ‘ಗೇಬ್ರಿಯಲ್’ ಎಂಬ ಕಹಳೆಯನ್ನು ಮಾಡಿ ಮಾರಿದವನು. 1914ರ ಸುಮಾರಿಗೆ ಅದೇ ಹೆಸರಿನಲ್ಲಿ, ಚಿಮ್ಮುವ ಸ್ಪ್ರಿಂಗನ್ನು ಪಟ್ಟಿಯಿಂದ ಹಿಡಿದು ನಿಲ್ಲಿಸುವ ಸಾಧನವನ್ನು ಮಾರುಕಟ್ಟೆಗೆ ತಂದನು. 1927ರ ಕೊನೆಯಲ್ಲಿ ಮಾಡೆಲ್ ಎ ಬಂದಾಗ ಅದರ ನಾಲ್ಕು ಚಕ್ರಗಳಿಗೂ ಉದಾಯ್ ಮಾದರಿಯ ಎಣ್ಣೆಯ ಶಾಕ್ ಅಬ್ಸಾರ್ಬರುಗಳು ಕಾರಿನ ಜೊತೆಗೇ ಬಂದವು. ಅಂಗಡಿಯ ಅಲಂಕಾರವಾಗಿದ್ದುದು ಅಂದಿನಿಂದ ಕಾರಿನ ಅಂಗವಾಯಿತು.

ಇಲ್ಲಿಂದ ದಕ್ಷಿಣಕ್ಕೆ, ಈರೀ ಸರೋವರದ ದಡದಲ್ಲಿರುವ ಮನ್ರೋ ಪಟ್ಟಣವನ್ನು ತಾವು ಓಹಾಯೋ ಕಡೆಗೆ ಹೋಗುವಾಗ ದಾಟಿರುತ್ತೀರಿ. ಅಲ್ಲಿ 1916ರಲ್ಲಿ ಟಯರಿಗೆ ಗಾಳಿ ಹೊಡೆಯುವ ಪಂಪು ಮಾಡಲು ಹುಟ್ಟಿದ ಒಂದು ಸಣ್ಣ ಸಂಸ್ಥೆ 1926ರಲ್ಲಿ ಶಾಕ್ ಅಬ್ಸಾರ್ಬರಿನ ಕೆಲಸಕ್ಕೆ ಕೈ ಹಾಕಿತು. ಊರಿನ ಹೆಸರೇ ಸರಕಿನ ಹೆಸರಾಯಿತು. 1930ರ ದಶಕದಲ್ಲಿ ತೋಳು, ಡಬ್ಬಿಗಳ ಬದಲು ನೇರವಾದ ಕೊಳವೆಯ ರೂಪ ಬಳಕೆಗೆ ಬಂದಿತು. ಇಂದು ನಾವು ಕಾಣುವುದು ಅದನ್ನೇ. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ರಂಧ್ರಗಳೂ ಅವುಗಳನ್ನು ಕಾಯುವ ತೆಳುವಾದ ಉಕ್ಕಿನ ಬಿಲ್ಲೆಗಳೂ. ಸಾಮಾನ್ಯವಾಗಿ ಚಕ್ರ ಮೇಲೇರುವಾಗ ತಡೆ ಕಡಿಮೆ, ಇಳಿಯುವಾಗ ಹೆಚ್ಚು. ಪೆಟ್ಟನ್ನು ಸ್ಪ್ರಿಂಗು ಸ್ವೀಕರಿಸಲಿ, ಆದರೆ ಸೇಡಿನಂತೆ ಚಿಮ್ಮದಿರಲಿ ಎಂಬುದು ಇದರ ಆಶಯ.

ಇದಕ್ಕೂ ಒಂದು ಕೊರತೆ ಉಳಿದಿತ್ತು. ಒರಟು ರಸ್ತೆಯಲ್ಲಿ ಬಹಳ ಹೊತ್ತು ಓಡಿದರೆ ಎಣ್ಣೆ ಮಜ್ಜಿಗೆಯಂತೆ ನೊರೆಗಟ್ಟುತ್ತಿತ್ತು. ನೊರೆಗೆ ತಡೆಯುವ ಶಕ್ತಿಯಿಲ್ಲ. ಫ್ರಾನ್ಸಿನ ಕ್ರಿಸ್ತಿಯಾನ್ ಬೂರ್ಸಿಯೇ ದ ಕಾರ್ಬೋನ್ 1950ರ ದಶಕದ ಆದಿಯಲ್ಲಿ ಒತ್ತಡದ ಅನಿಲದಿಂದ ಎಣ್ಣೆಯನ್ನು ಸದಾ ಅದುಮಿಟ್ಟು ನೊರೆಯನ್ನು ತಪ್ಪಿಸುವ ಉಪಾಯ ಕಂಡುಹಿಡಿದನು. 1957ರಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆಯ ಮೂಲಕ ಅದು ಮರ್ಸಿಡಿಸ್ ಬೆಂಜ್ ಕಾರುಗಳನ್ನು ಸೇರಿತು.

ಮುಂಚಕ್ರಗಳಿಗೆ ಸ್ವಾತಂತ್ರ್ಯ

ಇಷ್ಟಾದರೂ ಮುಂಚಕ್ರಗಳ ಸಮಸ್ಯೆ ಬಗೆಹರಿಯಲಿಲ್ಲ. ಎರಡು ಚಕ್ರಗಳೂ ಒಂದೇ ಅಚ್ಚಿಗೆ ಕಟ್ಟಿದ್ದರಿಂದ ಒಂದು ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತಿತ್ತು. ವೇಗ ಹೆಚ್ಚಿದಾಗ ಮುಂಚಕ್ರಗಳೆರಡೂ ನಡುಗತೊಡಗಿ ಸ್ಟೀರಿಂಗ್ ಚಕ್ರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇಟಲಿಯ ವಿನ್ಸೆಂಜೊ ಲಾಂಚಿಯ 1922ರಲ್ಲಿ ಪ್ರದರ್ಶಿಸಿದ ಲ್ಯಾಂಬ್ಡಾ ಕಾರಿನಲ್ಲಿ ಮುಂಚಕ್ರಗಳನ್ನು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ಸುರುಳಿ ಸ್ಪ್ರಿಂಗನ್ನೂ ಎಣ್ಣೆಯ ಶಾಕ್ ಅಬ್ಸಾರ್ಬರನ್ನೂ ಒಂದೇ ಕಂಬದಲ್ಲಿ ಕೂಡಿಸಿದ್ದನು. ಅಮೆರಿಕದಲ್ಲಿ ಈ ಕೆಲಸವನ್ನು ಶಾಸ್ತ್ರವಾಗಿ ಬೆಳೆಸಿದವನು ಮಾರಿಸ್ ಆಲಿ. ರೋಲ್ಸ್ ರಾಯ್ಸಿನಲ್ಲಿದ್ದ ಈತ 1930ರಲ್ಲಿ ಜನರಲ್ ಮೋಟಾರ್ಸಿಗೆ ಬಂದನು. 1932ರಲ್ಲಿ ಒಂದು ದೊಡ್ಡ ಕ್ಯಾಡಿಲಾಕ್ ಕಾರಿಗೆ ಅತ್ತಿತ್ತ ಸರಿಸಬಹುದಾದ ತೂಕಗಳನ್ನು ಕಟ್ಟಿ, ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳ ಬಿಗುವನ್ನು ಬದಲಿಸುತ್ತ, ಸುಖವಾದ ಪಯಣವೆಂದರೇನು ಎಂದು ಓಡಿಸಿ ನೋಡಿದನು.

ಆತ ಕಂಡುಕೊಂಡ ಸತ್ಯ ಸ್ವಾರಸ್ಯವಾದುದು. ಉಬ್ಬನ್ನು ಮುಂಚಕ್ರ ಮೊದಲು ಏರುತ್ತದೆ, ಹಿಂಚಕ್ರ ಸ್ವಲ್ಪ ತಡವಾಗಿ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ನಿಧಾನವಾಗಿ ತೂಗುವಂತಿದ್ದರೆ ತಡವಾಗಿ ಹೊರಟ ಹಿಂಭಾಗವು ಬೇಗನೆ ಮುಂಭಾಗವನ್ನು ಕೂಡಿಕೊಳ್ಳುತ್ತದೆ. ಕಾರು ಮುಗ್ಗರಿಸದೆ ಸಮವಾಗಿ ಏರಿಳಿಯುತ್ತದೆ. ಆದರೆ ಅಖಂಡ ಅಚ್ಚಿನ ಮೇಲೆ ಮುಂದೆ ಅಷ್ಟು ಮೆದುವಾದ ಸ್ಪ್ರಿಂಗನ್ನು ಹಾಕಿದರೆ ಚಕ್ರಗಳ ನಡುಕ ಹೆಚ್ಚುತ್ತಿತ್ತು. ಆದುದರಿಂದ ಮುಂಚಕ್ರಗಳನ್ನು ಬೇರ್ಪಡಿಸಲೇಬೇಕಾಯಿತು. 1934ರ ಮಾದರಿಯ ಕ್ಯಾಡಿಲಾಕ್ ಮತ್ತು ಅದರ ಸೋದರ ಕಾರುಗಳು ಸ್ವತಂತ್ರ ಮುಂಚಕ್ರಗಳೊಡನೆ ಹೊರಬಂದವು. ಇಂದಿಗೂ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿಯಷ್ಟೇ ತೂಗುವಂತೆ ಸ್ಪ್ರಿಂಗುಗಳನ್ನು ಹೊಂದಿಸುವುದು ಸಾಮಾನ್ಯ ಪದ್ಧತಿ. ಕಂಡ ಸ್ಪ್ರಿಂಗನ್ನೆಲ್ಲ ಕಂಡ ಕಾರಿಗೆ ಹಾಕಬಾರದೆಂಬುದರ ಕಾರಣ ಇಲ್ಲಿದೆ.

ಬಡವರ ಕಾರಿನಲ್ಲಿಯೂ ಈ ಸುಖ ಸಾಧ್ಯವೇ? ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯ ಪಿಯೆರ್ ಬೂಲಾಂಜೆ ತನ್ನ ಎಂಜಿನಿಯರುಗಳಿಗೆ ಕೊಟ್ಟ ಷರತ್ತು ಪ್ರಸಿದ್ಧವಾಗಿದೆ. ಉತ್ತ ಹೊಲದ ಮೇಲೆ ಒಂದು ಬುಟ್ಟಿ ಮೊಟ್ಟೆಯನ್ನು ಒಡೆಯದಂತೆ ಒಯ್ಯಬಲ್ಲ ರೈತರ ಕಾರು ಬೇಕು ಎಂದು ಅವನು ಕೇಳಿದ್ದನು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾದ 2ಸಿವಿ ಅದರ ಫಲ.

ಮ್ಯಾಕ್‌ಫರ್ಸನ್ನನ ಕಂಬ

ನಮ್ಮ ಮೆಕ್ಯಾನಿಕ್ ಮೇಜಿನ ಮೇಲೆ ನಿಲ್ಲಿಸಿದ ವಸ್ತುವಿನ ಜನಕನನ್ನು ಈಗ ನೆನೆಯಬೇಕು. 1891ರಲ್ಲಿ ಇಲಿನಾಯಲ್ಲಿ ಹುಟ್ಟಿದ ಅರ್ಲ್ ಎಸ್. ಮ್ಯಾಕ್‌ಫರ್ಸನ್ ಎರಡನೆಯ ಮಹಾಯುದ್ಧ ಮುಗಿಯುವ ಕಾಲದಲ್ಲಿ ಜನರಲ್ ಮೋಟಾರ್ಸಿನಲ್ಲಿ ‘ಕೆಡೆಟ್’ ಎಂಬ ಸಣ್ಣ ಷೆವ್ರೊಲೆ ಕಾರಿನ ವಿನ್ಯಾಸದ ಹೊಣೆ ಹೊತ್ತಿದ್ದನು. ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಅದನ್ನು ಮಾರಬೇಕೆಂಬ ಗುರಿಯಿತ್ತು. ಬೆಲೆ ತಗ್ಗಬೇಕಾದರೆ ಭಾಗಗಳ ಸಂಖ್ಯೆ ತಗ್ಗಬೇಕು. ಮೇಲಿನ ತೋಳುಗಳನ್ನು ತೆಗೆದುಹಾಕಿ ಶಾಕ್ ಅಬ್ಸಾರ್ಬರನ್ನೇ ದಪ್ಪ ಕಂಬವಾಗಿ ಮಾಡಿ, ಅದರ ಸುತ್ತ ಸುರುಳಿ ಸ್ಪ್ರಿಂಗನ್ನು ಕೂರಿಸಿ, ಕಂಬದ ತಲೆಯನ್ನು ಕಾರಿನ ಮೈಗೆ, ಪಾದವನ್ನು ಚಕ್ರದ ಗೆಣ್ಣಿಗೆ ಕಟ್ಟುವ ವ್ಯವಸ್ಥೆಗೆ ಆತನು 1947ರಲ್ಲಿ ಪೇಟೆಂಟ್ ಕೋರಿದನು. ಸ್ಟೀರಿಂಗ್ ತಿರುಗಿದಾಗ ಕಂಬವೂ ತಿರುಗುತ್ತದೆ. ಭಾರ ಹೊರುವುದು, ತಣಿಸುವುದು, ಚಕ್ರವನ್ನು ನೆಟ್ಟಗೆ ನಿಲ್ಲಿಸುವುದು, ತಿರುವಿಗೆ ಆಧಾರವಾಗುವುದು, ಈ ನಾಲ್ಕೂ ಒಂದೇ ಅಂಗದಲ್ಲಿ ಕೂಡಿದವು.

ಕೆಡೆಟ್ ಕಾರು ಮಾರುಕಟ್ಟೆಗೆ ಬರಲಿಲ್ಲ. 1947ರಲ್ಲಿ ಸಂಸ್ಥೆ ಆ ಯೋಜನೆಯನ್ನು ಕೈಬಿಟ್ಟಿತು. ಮ್ಯಾಕ್‌ಫರ್ಸನ್ ಅದೇ ವರ್ಷ ಫೋರ್ಡ್ ಸಂಸ್ಥೆಯನ್ನು ಸೇರಿದನು. ಆತನ ಕಂಬ ಮೊದಲು ನೆಲ ಕಂಡದ್ದು 1950ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಕಾರುಗಳಲ್ಲಿ. ಆತನು 1960ರಲ್ಲಿ ತೀರಿಕೊಂಡನು. ಮುಂಚಕ್ರಗಳೇ ಕಾರನ್ನು ಎಳೆಯುವ ಸಣ್ಣ ಕಾರುಗಳ ಯುಗ ಬಂದಾಗ, ಎಂಜಿನ್ನಿಗೆ ಅಡ್ಡವಾಗದ ಈ ಕಂಬದಂಥ ಅನುಕೂಲ ಬೇರೊಂದಿರಲಿಲ್ಲ. 1979ರಲ್ಲಿ ಷೆವ್ರೊಲೆ ಸೈಟೇಷನ್ ಕಾರಿನ ಮುಂಚಕ್ರಗಳಲ್ಲಿ ಅದು ಕಾಣಿಸಿಕೊಂಡಿತು. ಷೆವ್ರೊಲೆಯ ಅಂಗಳದಲ್ಲಿ ಹುಟ್ಟಿದ ಕೂಸು ಸುಮಾರು ಮೂವತ್ತು ವರ್ಷ ಪರದೇಶ ಸುತ್ತಿ ತವರಿಗೆ ಮರಳಿದಂತಾಯಿತು.

ನಮ್ಮ ದೇಶದ ಮಾತನ್ನೂ ಒಂದಿಷ್ಟು ಹೇಳಬೇಕು. ನಾವು ಕಂಡು ಬೆಳೆದ ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಸುರುಳಿ ಇರಲಿಲ್ಲ. ತಿರುಚಿಕೊಳ್ಳುವ ಉಕ್ಕಿನ ಸಲಾಕೆಯೇ ಅಲ್ಲಿ ಸ್ಪ್ರಿಂಗಾಗಿತ್ತು. ಪ್ರೀಮಿಯರ್ ಪದ್ಮಿನಿಗೆ ತೋಳುಗಳ ನಡುವೆ ಸುರುಳಿಗಳಿದ್ದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರೊಡನೆ ಮ್ಯಾಕ್‌ಫರ್ಸನ್ನನ ಕಂಬ ಭಾರತದ ಮಧ್ಯಮ ವರ್ಗದ ಮನೆಗಳಿಗೆ ಕಾಲಿಟ್ಟಿತು. ಕ್ಲೀವ್‌ಲ್ಯಾಂಡಿನ ಕಹಳೆಯ ಹೆಸರೂ ಅಲ್ಲಿಗೆ ತಲುಪಿತು. 1961ರಲ್ಲಿ ಮುಂಬಯಿಯಲ್ಲಿ ಗೇಬ್ರಿಯಲ್ ಇಂಡಿಯಾ ಸಂಸ್ಥೆ ಸ್ಥಾಪನೆಯಾಯಿತು. ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿಯೂ ಅದರ ಕಾರ್ಖಾನೆ ಇದೆ.

ಸವೆತದ ಗುಟ್ಟು

ಇಷ್ಟು ಜನರ ಬುದ್ಧಿಯಿಂದ ರೂಪುಗೊಂಡ ಈ ಅಂಗ ಹೇಗೆ ಸವೆಯುತ್ತದೆ? ರಸ್ತೆಯ ಮೇಲೆ ಚಕ್ರವು ಸೆಕೆಂಡಿಗೆ ಹತ್ತು ಬಾರಿ ಅದುರುವುದೆಂದು ಇಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ 80,000 ಕಿ.ಮೀ. ಓಡುವಷ್ಟರಲ್ಲಿ ಪಿಸ್ಟನ್ ಸುಮಾರು ನಾಲ್ಕೂಮುಕ್ಕಾಲು ಕೋಟಿ ಬಾರಿ ಆಡಿರುತ್ತದೆ. ಮೇಲಿನ ರಬ್ಬರಿನ ಸೀಲು ಸವೆದು ಎಣ್ಣೆ ಜಿನುಗುತ್ತದೆ, ಬಿಲ್ಲೆಗಳು ಸೋಲುತ್ತವೆ, ಅನಿಲ ಹೊರಹೋಗುತ್ತದೆ. ಸ್ಪ್ರಿಂಗಿನ ಪಾಡು ಬೇರೆ. ವರ್ಷಗಟ್ಟಲೆ ಭಾರ ಹೊತ್ತ ಉಕ್ಕು ತನ್ನ ಬಿಗುವನ್ನು ಹೆಚ್ಚಾಗಿ ಕಳೆದುಕೊಳ್ಳುವುದಿಲ್ಲ, ಎತ್ತರವನ್ನು ಕಳೆದುಕೊಳ್ಳುತ್ತದೆ. ಕಾರಿನ ಮೂಗು ತಗ್ಗುತ್ತದೆ.

ಈ ಸೀಮೆಯಲ್ಲಿ ಇದರ ಮೇಲೆ ಉಪ್ಪಿನ ಕಾಟ. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯಿದೆ. ಅಲ್ಲಿಂದ ತೆಗೆದ ಉಪ್ಪು ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಬೀಳುತ್ತದೆ. ಚಿಮ್ಮಿದ ಕಲ್ಲು ಸ್ಪ್ರಿಂಗಿನ ಬಣ್ಣದ ಹೊದಿಕೆಯನ್ನು ಕೆತ್ತುತ್ತದೆ. ಆ ಗಾಯದಲ್ಲಿ ಉಪ್ಪುನೀರು ನಿಲ್ಲುತ್ತದೆ, ತುಕ್ಕಿನ ಸಣ್ಣ ಕುಳಿಯಿಂದ ಬಿರುಕು ಹೊರಡುತ್ತದೆ, ಒಂದು ದಿನ ಸುರುಳಿ ಮುರಿಯುತ್ತದೆ. ಕೊಳೆ ತುಂಬಿ ನಿಲ್ಲುವ ಕೆಳಗಿನ ಸುರುಳಿ ಮುರಿಯುವುದು ಸಾಮಾನ್ಯ. ಮುರಿದ ಚೂಪಾದ ತುದಿ ಟಯರಿಗೆ ತಗುಲಿದರೆ ಟಯರೇ ಸೀಳಬಹುದು.

ತಣಿಸುವ ಶಕ್ತಿ ಕುಂದಿದ ಕಾರಿನಲ್ಲಿ ಚಕ್ರವು ನೆಲವನ್ನು ಸದಾ ಒತ್ತಿ ಹಿಡಿದಿರುವುದಿಲ್ಲ. ಉಬ್ಬುತಗ್ಗಿನಲ್ಲಿ ಬ್ರೇಕ್ ಹಾಕಿದಾಗ ಗಾಳಿಯಲ್ಲಿ ಕುಣಿಯುತ್ತಿರುವ ಟಯರು ಕಾರನ್ನು ಹೇಗೆ ನಿಲ್ಲಿಸೀತು? ನಿಲ್ಲುವ ದೂರ ಹೆಚ್ಚುತ್ತದೆ. ಬ್ರೇಕಿಗೆ ಕಾರಿನ ಮೂಗು ಕುಕ್ಕರಿಸುವುದು, ರಾತ್ರಿ ದೀಪದ ಬೆಳಕು ಮೇಲೆ ಕೆಳಗೆ ಆಡುವುದು, ಟಯರಿನ ಮೈಯಲ್ಲಿ ಅಲ್ಲಲ್ಲಿ ಬಟ್ಟಲಿನಂಥ ತಗ್ಗು ಬೀಳುವುದು, ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಾಣುವುದು ಇದರ ಲಕ್ಷಣಗಳು.

ಬದಲಿಸುವ ಕ್ರಮದಲ್ಲಿ ಎರಡು ಮೂರು ವಿಷಯಗಳನ್ನು ಮರೆಯಬಾರದು. ಎಡ ಬಲಗಳೆರಡನ್ನೂ ಕೂಡಿಯೇ ಬದಲಿಸಬೇಕು. ಒಂದು ಕಾಲು ಹೊಸದು ಒಂದು ಕಾಲು ಹಳೆಯದಾದರೆ ಕಾರು ಕುಂಟುತ್ತದೆ. ಕಂಬದ ತಲೆಯ ರಬ್ಬರನ್ನೂ ಬೇರಿಂಗನ್ನೂ ಅದೇ ಸಮಯದಲ್ಲಿ ನೋಡಿಸಬೇಕು. ಕಂಬವನ್ನು ಚಕ್ರದ ಗೆಣ್ಣಿಗೆ ಕಟ್ಟಿದ ಬೋಲ್ಟುಗಳನ್ನು ಬಿಚ್ಚಿ ಹಾಕಿದ ಮೇಲೆ ಚಕ್ರದ ವಾಲು ಬದಲಾಗಿರುತ್ತದೆ. ಆದ್ದರಿಂದ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ.

ಮನೆಯ ಗ್ಯಾರೇಜಿನಲ್ಲಿ ತಾವೇ ಮಾಡಿಕೊಳ್ಳಬಯಸುವ ತರುಣರಿಗೆ ಒಂದು ಮಾತು. ಕಂಬದ ತಲೆಯ ನಡುವಿನ ನಟ್ಟನ್ನು ಸ್ಪ್ರಿಂಗನ್ನು ಅದುಮಿ ಹಿಡಿಯದೆ ಎಂದಿಗೂ ಬಿಚ್ಚಬಾರದು. ಮಿಲಿಮೀಟರಿಗೆ 25 ನ್ಯೂಟನ್ ಬಿಗುವಿನ ಸ್ಪ್ರಿಂಗನ್ನು 200 ಮಿ.ಮೀ. ಅದುಮಿದರೆ ಹುಕ್ಕನ ನಿಯಮದಂತೆ ಅದರಲ್ಲಿ 500 ಜೂಲ್ ಶಕ್ತಿ ಅಡಗಿರುತ್ತದೆ. ಅದು 50 ಕಿಲೋ ತೂಕದ ಅಕ್ಕಿಮೂಟೆ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟಾಯಿತು. ಅದುಮುವ ಸಾಧನ ಜಾರಿದರೆ ಆ ಮೂಟೆ ಮುಖದ ಮೇಲೆ ಬೀಳುತ್ತದೆ. ನಮ್ಮ ಮೆಕ್ಯಾನಿಕ್ ಗೋಡೆಗೆ ಬಿಗಿದ ಭಾರಿ ಯಂತ್ರದಲ್ಲಿ ಅದನ್ನು ಅದುಮಿದ. ಆಗಲೂ ಅದರ ನೇರಕ್ಕೆ ನಿಲ್ಲಲಿಲ್ಲ. ಸ್ಪ್ರಿಂಗು ಮೊದಲೇ ಕೂಡಿಸಿಟ್ಟ ಕಂಬಗಳು ಅಂಗಡಿಯಲ್ಲಿ ದೊರೆಯುತ್ತವೆ. ಬೆಲೆ ಹೆಚ್ಚಾದರೂ ಮನೆಯಲ್ಲಿ ಕೆಲಸ ಮಾಡುವವರಿಗೆ ಅದೇ ಲೇಸು.

ಮುಕ್ತಾಯ

ಈ ಚರಿತ್ರೆಯಿಂದ ನಮಗೆ ತಿಳಿದುಬಂದ ಮುಖ್ಯ ಸಂಗತಿ ಒಂದು. ಬ್ರೇಕ್ ಕೆಟ್ಟರೆ ಕೂಗುತ್ತದೆ, ಬ್ಯಾಟರಿ ಸತ್ತರೆ ಕಾರು ನಿಲ್ಲುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳು ಹಾಗಲ್ಲ. ಅವು ದಿನಕ್ಕೆ ಒಂದು ಕೂದಲೆಳೆಯಷ್ಟು ಸವೆಯುತ್ತವೆ. ನಮ್ಮ ಮೈ, ಕೈ, ಓಡಿಸುವ ರೀತಿ ಎಲ್ಲವೂ ಅಷ್ಟಷ್ಟೇ ಅವಕ್ಕೆ ಹೊಂದಿಕೊಳ್ಳುತ್ತವೆ. ತಿರುವಿನಲ್ಲಿ ಸ್ವಲ್ಪ ನಿಧಾನಿಸುತ್ತೇವೆ, ಸ್ಟೀರಿಂಗನ್ನು ಸ್ವಲ್ಪ ಬಿಗಿಯಾಗಿ ಹಿಡಿಯುತ್ತೇವೆ, ಅದೇ ಸಹಜವೆಂದು ಭಾವಿಸುತ್ತೇವೆ. ಸುಖವೆಂಬುದು ಅಭ್ಯಾಸವಾದಷ್ಟೇ ಸುಲಭವಾಗಿ ಅದರ ಕೊರತೆಯೂ ಅಭ್ಯಾಸವಾಗುತ್ತದೆ. ಅದನ್ನು ಹೇಳಲು ಹೊರಗಿನಿಂದ ಬಂದವರೊಬ್ಬರು ಬೇಕು. ಟ್ರುಫೋ, ಆಲಿ, ಮ್ಯಾಕ್‌ಫರ್ಸನ್ ಯಾರೆಂಬುದನ್ನು ನಮ್ಮ ತಾಯಿಯವರು ಅರಿಯರು. ಎತ್ತಿನ ಗಾಡಿಯಲ್ಲಿ ತವರಿಗೆ ಹೋಗಿಬಂದ ಅವರ ಬೆನ್ನಿಗೆ ಮಾತ್ರ ತೂಗಾಟ ಯಾವುದು, ಓಟ ಯಾವುದು ಎಂಬುದು ಗೊತ್ತಿತ್ತು.

ಹೊಸ ಕಂಬಗಳನ್ನು ಹಾಕಿಸಿದ ಮೇಲೆ ಅವರನ್ನು ಮತ್ತೆ ಅದೇ ದಾರಿಯಲ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ದೆವು. ಏನಾದರೂ ಹೇಳುವರೇ ಎಂದು ಕಾದೆವು. ಅವರು ನಿದ್ದೆ ಹೋಗಿದ್ದರು.

ಮನೆಗೆ ಹೊರಡುವ ಮುನ್ನ ತಾವೂ ದಯವಿಟ್ಟು ಕಾರಿನ ಮೂಗನ್ನು ಒಮ್ಮೆ ಅದುಮಿ ಬಿಟ್ಟು ನೋಡಿ. ಎಷ್ಟು ಬಾರಿ ಏರಿಳಿಯುತ್ತದೆಂದು ಎಣಿಸಿ. ಮೂರು ನಾಲ್ಕು ಬಾರಿ ಆದರೆ ಗ್ಯಾರೇಜಿಗೆ ಹೋಗಿ. ಆಗದಿದ್ದರೂ ಬಹಳ ದಿನ ತಮ್ಮ ಕಾರಿನಲ್ಲಿ ಕೂರದವರನ್ನು ಒಮ್ಮೆ ಕೂರಿಸಿಕೊಂಡು ಅವರ ಮಾತನ್ನು ಕೇಳಿ.